ಗುಳ್ಳೆ ಗಾಜಿನ ಕಾರು: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ತಿಂಗಳು ಈ ಪುಟದಲ್ಲಿ ‘ಬೀಟ್ನಿಕ್ ಬ್ಯಾಂಡಿಟ್’ ಕಾರಿನ ಬಗ್ಗೆ ಬರೆದಿದ್ದೆ. ಓದದೇ ಇದ್ದವರಿಗೆ ಎರಡು ಮಾತು. ಕ್ಯಾಲಿಫೋರ್ನಿಯಾದ ಎಡ್ ‘ಬಿಗ್ ಡ್ಯಾಡಿ’ ರಾತ್ 1961ರಲ್ಲಿ ಕಟ್ಟಿದ ಕಾರು ಅದು. ಬಾಡಿ ಫೈಬರ್‌ಗ್ಲಾಸಿನದು. ಮೇಲೆ ಛಾವಣಿ ಇಲ್ಲ, ಸೋಪಿನ ಗುಳ್ಳೆಯ ಹಾಗೆ ಒಂದೇ ಒಂದು ಪಾರದರ್ಶಕ ಮುಚ್ಚಳ. ಒಳಗೆ ಸ್ಟೀರಿಂಗ್ ಚಕ್ರ ಕೂಡ ಇಲ್ಲ. ನಡುವೆ ಒಂದು ಕೋಲು, ಕಾರು ಓಡಿಸೋದೆಲ್ಲ ಅದರಿಂದಲೇ. ಪ್ರದರ್ಶನಕ್ಕೆ ಅಂತಲೇ ಕಟ್ಟುವ ಇಂಥ ಕಾರನ್ನು ಅಲ್ಲಿ ಶೋ ಕಾರ್ ಅನ್ನುತ್ತಾರೆ. ಮಗನ ಮನೆಗೆ ಹೋಗಿದ್ದಾಗ ನೆವಾಡಾದ ರೀನೋ ಊರಿನ ರಾಷ್ಟ್ರೀಯ ಆಟೋಮೊಬೈಲ್ ಮ್ಯೂಸಿಯಂನಲ್ಲಿ ಅದನ್ನು ಕಣ್ಣಾರೆ ನೋಡಿದೆ. ಅದರ ಮುಂದೆ ಒಂದೂವರೆ ಗಂಟೆ ನಿಂತಿದ್ದೆ.

ಮೈಸೂರಿನ ಬನ್ನಿಮಂಟಪದಲ್ಲಿ 31 ವರ್ಷ ಕಾರುಗಳಿಗೆ ಬಣ್ಣ ಹೊಡೆದವನು ನಾನು. ಈಗ ಮನೆ ಮೇಜಿನ ಮೇಲೆ ಅಂಗೈ ಅಗಲದ ಕಾರುಗಳಿಗೆ ಹೊಡೆಯುತ್ತೇನೆ. ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಮಾದರಿಗಳು ಅವು. ಆ ಡಬ್ಬಿಗೇ ಕಿಟ್ ಅನ್ನೋದು. ಆ ಬರಹಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಏಳಕ್ಕೆ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ‘ಎಷ್ಟೋ ಶೋ ಕಾರುಗಳು ಇವತ್ತು ಉಳಿದಿರುವುದು ಪ್ಲಾಸ್ಟಿಕ್ ಕಿಟ್‌ನಿಂದ’ ಅಂತ ಬರೆದಿದ್ದೀರಿ. ಕಾರು ನೋಡಿ ಕಿಟ್ ಮಾಡುತ್ತಾರೆ, ಸರಿ. ಕಿಟ್ ನೋಡಿ ಕಾರು ಮಾಡೋಕೆ ಆಗುತ್ತಾ ಸಾರ್?
– ಪಿಯುಸಿ ವಿದ್ಯಾರ್ಥಿ, ಹಾಸನ

ಆಗುತ್ತೆ ತಮ್ಮಾ, ಮಾಡಿದ್ದಾರೆ ಕೂಡ. ಮಿಸ್ಟೀರಿಯನ್ ಅನ್ನೋ ಕಾರಿನ ಕಥೆ ಕೇಳು.

ಅದನ್ನೂ ಎಡ್ ರಾತ್ ಅವರೇ ಕಟ್ಟಿದ್ದು, 1963ರಲ್ಲಿ. ಹಳದಿ ಬಣ್ಣ, ಗುಳ್ಳೆ ಗಾಜು. ಎಡಕ್ಕೂ ಬಲಕ್ಕೂ ಹೊಂದಿಕೆಯೇ ಇಲ್ಲದ ಮುಖ, ಹೆಡ್‌ಲೈಟ್ ಒಂದು ಪಕ್ಕಕ್ಕೆ. ಅದು ಸಾಲದು ಅಂತ ಮುಂದೆ ಫೋರ್ಡ್‌ನ ದೊಡ್ಡ ವಿ-8 ಎಂಜಿನ್ ಒಂದಲ್ಲ, ಎರಡು, ಅಕ್ಕಪಕ್ಕ. ಊರೂರಿನ ಪ್ರದರ್ಶನಕ್ಕೆ ಟ್ರೇಲರ್ ಮೇಲೆ ಹೊತ್ತು ತಿರುಗಿದರು. ಎರಡು ಎಂಜಿನ್ನಿನ ಭಾರ, ರಸ್ತೆಯ ಕುಲುಕಾಟ, ಎರಡೂ ಸೇರಿ ಚಾಸಿ, ಅಂದರೆ ಅಡಿಯ ಚೌಕಟ್ಟು, ಬಿರುಕು ಬಿಟ್ಟಿತು. ಆಮೇಲೆ ಕಾರನ್ನು ಬಿಚ್ಚಿ ಬಿಡಿಭಾಗ ಮಾಡಿಬಿಟ್ಟರು. 60ರ ದಶಕ ಮುಗಿಯುವಷ್ಟರಲ್ಲಿ ಮಿಸ್ಟೀರಿಯನ್ ಅನ್ನೋ ಕಾರೇ ಇರಲಿಲ್ಲ.

ಆದರೆ ಅಷ್ಟರಲ್ಲಿ ರೆವೆಲ್ ಕಂಪನಿ ಅದರ ಕಿಟ್ ಮಾಡಿತ್ತು. ಹುಡುಗರು ಅದನ್ನು ಕೊಂಡು, ಅಂಟಿಸಿ, ಕಿಟಕಿ ಮೇಲೆ ಇಟ್ಟುಕೊಂಡಿದ್ದರು. ಸುಮಾರು 40 ವರ್ಷ ಕಳೆದ ಮೇಲೆ ಡೇವ್ ಶೂಟನ್ ಅನ್ನೋ ಅಮೆರಿಕದ ಕುಶಲಕರ್ಮಿ ಈ ಕಾರನ್ನು ಮತ್ತೆ ಕಟ್ಟೋಕೆ ಕೂತರು. ನಕ್ಷೆ ಇಲ್ಲ, ಮೂಲ ಕಾರೂ ಇಲ್ಲ. ಕೈಯಲ್ಲಿದ್ದದ್ದು ಹಳೆಯ ಫೋಟೋಗಳು ಮತ್ತು ಆ ರೆವೆಲ್ ಕಿಟ್. 2005ರ ಹೊತ್ತಿಗೆ ಪೂರ್ತಿ ಗಾತ್ರದ ಮಿಸ್ಟೀರಿಯನ್ ಮತ್ತೆ ಎದ್ದು ನಿಂತಿತು.

ಇದು ಎಷ್ಟು ಕಷ್ಟ ಅಂತ ಸ್ಕೇಲ್ ಹಿಡಿದು ಲೆಕ್ಕ ಹಾಕು. 1/25 ಅಳತೆಯ ಕಿಟ್‌ನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ನಿಜವಾದ ಕಾರಿನಲ್ಲಿ ಅದು 25 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಒಂದು ಇಂಚು. ಕಿಟ್‌ನ ಬಾಡಿ ಪ್ಲಾಸ್ಟಿಕ್ ಒಂದೂವರೆ ಮಿಲಿಮೀಟರ್ ದಪ್ಪ ಇದೆ ಅಂದುಕೋ. ಅದನ್ನೇ ದೊಡ್ಡದು ಮಾಡಿದರೆ ಬಾಡಿ ಒಂದೂವರೆ ಇಂಚು ದಪ್ಪ ಆಗುತ್ತೆ. ಅಂಥ ಕಾರು ಎಲ್ಲೂ ಇಲ್ಲ. ಜೊತೆಗೆ ಪ್ಲಾಸ್ಟಿಕ್ ಅಚ್ಚಿನಿಂದ ಬಿಡಿಸಿಕೊಂಡು ಬರಬೇಕಲ್ಲ, ಅದಕ್ಕೆ ಕಿಟ್ ಮಾಡುವವರು ಅಂಚುಗಳನ್ನು ಸ್ವಲ್ಪ ಓರೆ ಮಾಡಿರುತ್ತಾರೆ. ಹಾಗಾಗಿ ಕಿಟ್ ಕಣ್ಮುಚ್ಚಿ ನಂಬುವ ಅಳತೆ ಅಲ್ಲ. ಯಾವ ಭಾಗ ಯಾವುದರ ಪಕ್ಕ ಕೂರುತ್ತೆ, ಯಾವ ಪೈಪು ಯಾವುದರ ಅಡಿಗೆ ಹೋಗುತ್ತೆ ಅನ್ನೋದನ್ನು ಅದು ಹೇಳುತ್ತೆ. ಫೋಟೋದಲ್ಲಿ ಕಾಣೋದು ಒಂದೇ ಮಗ್ಗುಲು. ಕಿಟ್ ಅನ್ನು ತಿರುಗಿಸಿ ಹೊಟ್ಟೆ ಕೂಡ ನೋಡಬಹುದು. ನನಗೆ ಅದೇ ದೊಡ್ಡ ವಿಷಯ ಅನ್ನಿಸುತ್ತೆ.

ಇನ್ನೊಂದು ಕಾರು ‘ಸಿಲ್ಹೌಟ್’. ಬಿಲ್ ಕುಶೆನ್‌ಬೆರಿ ಕಟ್ಟಿದ್ದು, ಅದಕ್ಕೂ ಗುಳ್ಳೆ ಗಾಜು. 1983ರಲ್ಲಿ ಕಳ್ಳತನ ಆಯಿತು. ಎಎಂಟಿ ಕಂಪನಿ ಮಾಡಿದ ಅದರ ಕಿಟ್ ಮಾತ್ರ ಇವತ್ತಿಗೂ ಜನರ ಕಪಾಟಿನಲ್ಲಿದೆ.

ಮೊದಲು ಕಿಟ್, ಆಮೇಲೆ ಕಾರು, ಹೀಗೆ ಹುಟ್ಟಿದ್ದೂ ಇದೆ. ಟಾಮ್ ಡೇನಿಯಲ್ ಅನ್ನುವ ವಿನ್ಯಾಸಕಾರರು ಮಾನೋಗ್ರಾಮ್ ಕಂಪನಿಗೆ 1968ರಲ್ಲಿ ‘ರೆಡ್ ಬ್ಯಾರನ್’ ಅನ್ನೋ ಕಿಟ್ ಬರೆದುಕೊಟ್ಟರು. ಛಾವಣಿ ಜರ್ಮನ್ ಸೈನಿಕರ ಹೆಲ್ಮೆಟ್ ಆಕಾರದ್ದು. ಅದು ಬರೀ ಕಾಗದದ ಮೇಲೆ ಹುಟ್ಟಿದ ಕಲ್ಪನೆ. ಕಿಟ್ ಎಷ್ಟು ಮಾರಾಟವಾಯಿತು ಅಂದರೆ, ಅದನ್ನು ನೋಡಿ ಡೆಟ್ರಾಯಿಟ್‌ನ ಚಕ್ ಮಿಲ್ಲರ್ ಕೈಯಲ್ಲಿ ನಿಜವಾದ ಕಾರನ್ನೇ ಕಟ್ಟಿಸಿದರು. ಕಿಟ್‌ನಲ್ಲಿ ಹಳೇ ಕಾಲದ ಮರ್ಸಿಡಿಸ್ ವಿಮಾನದ ಎಂಜಿನ್ ಇದೆ. ನಿಜವಾದ ಕಾರಿಗೆ ಪಾಂಟಿಯಾಕ್‌ನ ಆರು ಸಿಲಿಂಡರ್ ಎಂಜಿನ್ ಕೂರಿಸಿದರು.

ಅದಕ್ಕೇ ಹೇಳೋದು, ಕಿಟ್ ಕಟ್ಟಿದ ಮೇಲೆ ಜೋಡಣೆ ಹಾಳೆಯನ್ನು ಎಸೆಯಬೇಡ. ಡಬ್ಬಿಯ ಮುಚ್ಚಳವನ್ನೂ ಇಟ್ಟುಕೋ.

ಪ್ರಶ್ನೆ: ಗುಳ್ಳೆ ಗಾಜನ್ನು ಕ್ಷಣದಲ್ಲಿ ಅಂಟುವ ಗಮ್ ಹಾಕಿ ಕೂರಿಸಿದೆ. ಬೆಳಗ್ಗೆ ನೋಡಿದರೆ ಗಾಜಿನ ಒಳಗೆಲ್ಲ ಮಂಜು ಕವಿದ ಹಾಗೆ ಬೆಳ್ಳಗಾಗಿದೆ. ಕಾರು ಹಾಳಾಯಿತಾ?
– ದಾವಣಗೆರೆ

ಹಾಳಾಗಿಲ್ಲ, ಗಾಬರಿ ಬೇಡ. ನನಗೂ ಹೀಗೇ ಆಗಿತ್ತು, ಅದೂ ಆರು ವಾರ ಕೂತು ಮಾಡಿದ ಕಾರಿಗೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಆಗಿದ್ದು ಇಷ್ಟು. ಆ ಥರದ ಗಮ್ ಒಣಗುವಾಗ ಅದರಿಂದ ಆವಿ ಏಳುತ್ತೆ. ಮುಚ್ಚಿದ ಗುಳ್ಳೆಯೊಳಗೆ ಆವಿಗೆ ಹೊರಗೆ ಹೋಗೋಕೆ ದಾರಿ ಇಲ್ಲ. ಗಾಜಿನ ಮೇಲೆ ಕೂತು ಅಲ್ಲೇ ಬಿಳಿ ಪುಡಿಯಾಗಿ ಗಟ್ಟಿಯಾಗುತ್ತೆ. ಸಾಮಾನ್ಯವಾಗಿ ಇದು ಮೇಲ್ಮೈ ಮೇಲೆ ಮಾತ್ರ ಇರುತ್ತೆ, ಪ್ಲಾಸ್ಟಿಕ್ ಒಳಗೆ ಇಳಿದಿರಲ್ಲ.

ಗುಳ್ಳೆಯನ್ನು ನಿಧಾನಕ್ಕೆ ಎಬ್ಬಿಸಿ. 2000 ನಂಬರಿನ ವಾಟರ್ ಪೇಪರ್ ತಗೊಂಡು, ನೀರು ಹಾಕಿ, ಬೆರಳ ತುದಿಯಲ್ಲಿ ಹಗುರವಾಗಿ ಉಜ್ಜಿ. ಗಾಜು ಪೂರ್ತಿ ಮಬ್ಬಾಗುತ್ತೆ, ಹೆದರಬೇಡಿ. ಆಮೇಲೆ ಮೆತ್ತನೆ ಹತ್ತಿ ಬಟ್ಟೆಗೆ ಬಿಳಿ ಟೂತ್‌ಪೇಸ್ಟ್ ಹಚ್ಚಿ ಸುತ್ತಿಸಿ ಸುತ್ತಿಸಿ ಉಜ್ಜಿ. ಜೆಲ್ ಪೇಸ್ಟ್ ಬೇಡ. ಹತ್ತು ನಿಮಿಷಕ್ಕೆ ಬೆಳಕು ಕಾಣೋಕೆ ಶುರುವಾಗುತ್ತೆ. ಜೋರಾಗಿ ಒತ್ತಬೇಡಿ. ಕಿಟ್‌ನ ಗಾಜು ಪಾಲಿಸ್ಟೈರೀನ್ ಅನ್ನೋ ಪ್ಲಾಸ್ಟಿಕ್. ಗಾಜಿನಷ್ಟೇ ಸುಲಭವಾಗಿ ಸೀಳುತ್ತೆ.

ಮತ್ತೆ ಅಂಟಿಸೋಕೆ ಫೆವಿಕಾಲ್ ಬಳಸಿ. ಹೌದು, ಬಡಗಿಗಳ ಅದೇ ಬಿಳಿ ಫೆವಿಕಾಲ್. ಹಲ್ಲುಕಡ್ಡಿ ತುದಿಯಲ್ಲಿ ಒಂದು ಗೆರೆ ಎಳೆಯಿರಿ. ಒಣಗಿದ ಮೇಲೆ ಪಾರದರ್ಶಕವಾಗುತ್ತೆ. ಮಂಜು ಕಟ್ಟುವ ಆವಿ ಇಲ್ಲ. ಹೆಚ್ಚಾಗಿ ಬಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು.

ನಿಜವಾದ ಕಾರಿನ ಗುಳ್ಳೆ ಹೇಗೆ ಮಾಡುತ್ತಿದ್ದರು ಅಂತಲೂ ಕೇಳಿದ್ದೀರಿ. ಅಕ್ರಿಲಿಕ್ ಹಾಳೆಯನ್ನು ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುವವರೆಗೆ ಕಾಯಿಸುತ್ತಾರೆ. ಬೀಟ್ನಿಕ್ ಬ್ಯಾಂಡಿಟ್‌ನದನ್ನು ಪಿಜ್ಜಾ ಒಲೆಯಲ್ಲಿ ಕಾಯಿಸಿದರು ಅಂತ ಹೇಳುತ್ತಾರೆ. ಅಂಚನ್ನು ಸುತ್ತ ಬಿಗಿದು ಕೆಳಗಿನಿಂದ ಗಾಳಿ ತುಂಬಿದರೆ ಬಲೂನಿನ ಹಾಗೆ ಉಬ್ಬುತ್ತೆ. ಬೇಕಾದ ಎತ್ತರ ಬಂದಾಗ ಹಾಗೇ ಹಿಡಿದು ಆರಿಸಬೇಕು. ಇದರಲ್ಲಿ ಒಂದು ಗುಟ್ಟಿದೆ. ಗುಳ್ಳೆ ಯಾವ ಅಚ್ಚಿಗೂ ತಾಗುವುದಿಲ್ಲ, ಬರೀ ಗಾಳಿಯಲ್ಲಿ ಉಬ್ಬುತ್ತೆ. ಅದಕ್ಕೇ ಅದರ ಮೇಲೆ ಒಂದು ಕಲೆಯೂ ಇಲ್ಲ. ರೀನೋದಲ್ಲಿ ನಾನು ಬಗ್ಗಿ ನೋಡಿದಾಗ ಮೇಲಿನ ದೀಪಗಳೆಲ್ಲ ಆ ಗಾಜಿನ ಮೇಲೆ ಒಂದೇ ಸಾಲಾಗಿ ಬಾಗಿ ಕಾಣುತ್ತಿದ್ದವು. ಎಲ್ಲೂ ಸೊಟ್ಟ ಆಗಿರಲಿಲ್ಲ. 60 ವರ್ಷ ದಾಟಿದ ಕೆಲಸ ಅದು.

ಪ್ರಶ್ನೆ: ‘ಕ್ಯಾಂಡಿ’ ಕೆಂಪು ಬಣ್ಣ ಹೊಡೆದರೆ ಹಾಲು ಬೆರೆಸಿದ ಹಾಗೆ ಮಬ್ಬಾಗುತ್ತದೆ. ಮೂರು ಸಲ ಅಳಿಸಿ ಹೊಡೆದೆ. ಬಣ್ಣದ ಡಬ್ಬಿಯೇ ಕೆಟ್ಟಿದೆಯಾ?
– ಮಂಗಳೂರು

ಡಬ್ಬಿಯದು ತಪ್ಪಿಲ್ಲ. ನಿಮ್ಮೂರಿನ ಮಳೆಗಾಲದ ಗಾಳಿಯದು.

ಲ್ಯಾಕರ್ ಬಣ್ಣದಲ್ಲಿರುವ ಥಿನ್ನರ್ ಬಹಳ ಬೇಗ ಆರುತ್ತೆ. ಆರುವಾಗ ಮೇಲ್ಮೈ ತಣ್ಣಗಾಗುತ್ತೆ, ಸ್ಪಿರಿಟ್ ಹಚ್ಚಿದರೆ ಚರ್ಮ ತಣ್ಣಗಾಗುವ ಹಾಗೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಆ ತಣ್ಣನೆ ಬಣ್ಣದ ಮೇಲೆ ಕೂತು ಒಳಗೆ ಸಿಕ್ಕಿಕೊಳ್ಳುತ್ತೆ. ಅದೇ ಆ ಬಿಳಿ ಮಬ್ಬು. ಬಿಸಿಲು ಬಿದ್ದ ದಿನ, ಹನ್ನೊಂದರಿಂದ ಎರಡು ಗಂಟೆಯ ಒಳಗೆ ಹೊಡೆಯಿರಿ. ಸ್ಪ್ರೇ ಡಬ್ಬಿಯನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ಇಡಿ. ಕೈ ಇಟ್ಟರೆ ಹಿತ ಅನ್ನಿಸುವಷ್ಟು ಬೆಚ್ಚಗೆ, ಅಷ್ಟೇ. ಒಲೆಯ ಹತ್ತಿರಕ್ಕೂ ಒಯ್ಯಬೇಡಿ. ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಗನ್) ಇದ್ದರೆ ನಿಧಾನ ಆರುವ ರಿಟಾರ್ಡರ್ ಥಿನ್ನರ್ ಸ್ವಲ್ಪ ಬೆರೆಸಿ.

ನನ್ನ ಶೆಡ್ಡಿನಲ್ಲಿ ಒಂದು ಆಗಸ್ಟ್ ತಿಂಗಳು ಮೆರೂನ್ ಮೆಟಾಲಿಕ್ ಕಾಂಟೆಸ್ಸಾ ಒಂದು ಬಂದಿತ್ತು. ಮಗಳ ಮದುವೆಗೆ ಬೇಕು, ನಾಲ್ಕೇ ದಿನ ಅಂದರು. ಜಿಟಿಜಿಟಿ ಮಳೆಯಲ್ಲೇ ಎಡಗಡೆಯ ಬಾಗಿಲಿಗೆ ಬಣ್ಣ ಹೊಡೆದೆ. ಸಂಜೆಗೆ ಬಾಗಿಲು ಬೂದಿ ಬಳಿದ ಹಾಗೆ ಕಂಡಿತು. ರಾತ್ರಿಯಿಡೀ ಹ್ಯಾಲೊಜೆನ್ ದೀಪ ಹಚ್ಚಿ ಶೆಡ್ ಬೆಚ್ಚಗೆ ಮಾಡಿ, ಪೂರ್ತಿ ಕೆರೆದು ಮತ್ತೆ ಹೊಡೆದೆ. ಮದುವೆಗೆ ಕಾರು ಹೋಯಿತು. ಆವತ್ತಿನಿಂದ ಇವತ್ತಿನವರೆಗೆ ನಾನು ಆಕಾಶ ನೋಡದೆ ಬಣ್ಣದ ಗನ್ ಹಿಡಿದಿಲ್ಲ.

ಇನ್ನು ಕ್ಯಾಂಡಿ ವಿಚಾರ. ಅದು ಒಂದು ಬಣ್ಣ ಅಲ್ಲ, ಮೂರು ಪದರ. ಅಡಿಯಲ್ಲಿ ಬೆಳ್ಳಿ ಅಥವಾ ಚಿನ್ನದ ಮೆಟಾಲಿಕ್. ಅದರ ಮೇಲೆ ಬಣ್ಣದ ಗಾಜಿನಂಥ ಪಾರದರ್ಶಕ ಕೆಂಪು. ಎಲ್ಲಕ್ಕಿಂತ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಪದರ. ಬೆಳಕು ಕೆಂಪನ್ನು ದಾಟಿ ಒಳಗೆ ಹೋಗಿ, ಬೆಳ್ಳಿಗೆ ಬಡಿದು, ಮತ್ತೆ ಕೆಂಪನ್ನು ದಾಟಿ ಆಚೆ ಬರುತ್ತೆ. ಅದಕ್ಕೇ ಅದು ಒಳಗಿನಿಂದ ಉರಿಯುವ ಹಾಗೆ ಕಾಣೋದು. ಕ್ಯಾಲಿಫೋರ್ನಿಯಾದ ಜೋ ಬೈಲನ್ ಅವರ ಹೆಸರು ‘ಕ್ಯಾಂಡಿ ಆ್ಯಪಲ್ ರೆಡ್’ ಜೊತೆಗೇ ಬರುತ್ತೆ. ಈ ಬಣ್ಣಕ್ಕೆ ದಾರಿ ಮಾಡಿದವರು ಅವರು.

ಪ್ರತಿ ಸಲ ಗನ್ ಹಾದು ಹೋದಾಗಲೂ ಕೆಂಪು ಒಂದು ಮೆಟ್ಟಿಲು ಗಾಢವಾಗುತ್ತೆ. ಒಂದು ಕಡೆ ಎರಡು ಸಲ ಬಿದ್ದರೆ ಪಟ್ಟೆ ಕಾಣುತ್ತೆ. ಗೀರು ಬಿದ್ದ ಜಾಗಕ್ಕೆ ಮಾತ್ರ ಹಚ್ಚೋಕೆ ಆಗಲ್ಲ, ಪೂರ್ತಿ ಭಾಗವನ್ನೇ ಮತ್ತೆ ಹೊಡೆಯಬೇಕು. ಹಳೆಯ ಶೋ ಕಾರುಗಳನ್ನು ರಿಸ್ಟೋರ್ ಮಾಡುವವರಿಗೆ ಇದೇ ದೊಡ್ಡ ತಲೆನೋವು. ಬಿಸಿಲಿಗೆ ಈ ಬಣ್ಣ ಮಾಸುವುದೂ ಬೇಗ. ಕಿಟ್‌ಗಾದರೆ ಬೆಳ್ಳಿ ಬಣ್ಣದ ಮೇಲೆ ತಾಮಿಯಾ ಕಂಪನಿಯ ಎಕ್ಸ್-27 ಕ್ಲಿಯರ್ ರೆಡ್ ಅನ್ನು ತೆಳ್ಳಗೆ ಮಾಡಿಕೊಂಡು ಏರ್‌ಬ್ರಷ್‌ನಲ್ಲಿ ನಾಲ್ಕು ಕೋಟ್ ಕೊಡಿ. ಪ್ರತಿ ಕೋಟ್ ಆದ ಮೇಲೆ ಮಾದರಿಯನ್ನು ತಿರುಗಿಸಿ, ಮುಂದಿನದನ್ನು ಅಡ್ಡಲಾಗಿ ಹೊಡೆಯಿರಿ.

ಮಿಣುಕು ಪುಡಿ ಹಾಕಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಸ್ಟೇಷನರಿ ಅಂಗಡಿಯದು ಬೇಡ. 0.4 ಮಿಲಿಮೀಟರಿನ ಒಂದು ಚೂರು 1/25 ಕಾರಿನ ಮೇಲೆ ಒಂದು ಸೆಂಟಿಮೀಟರ್ ತಗಡಿನ ತುಂಡಿನ ಹಾಗೆ ಕಾಣುತ್ತೆ. ಹೆಂಗಸರ ಉಗುರು ಬಣ್ಣಕ್ಕೆ ಹಾಕುವ ಅತಿ ನುಣ್ಣನೆ ಪುಡಿ ಸಿಗುತ್ತೆ, ಅದನ್ನು ತಗೊಳ್ಳಿ.

ಪ್ರಶ್ನೆ: ಕೆಲವು ಕಿಟ್ 1/24, ಕೆಲವು 1/25. ಈ ಒಂದು ಅಂಕಿಯ ವ್ಯತ್ಯಾಸ ಯಾಕೆ?
– ಹುಬ್ಬಳ್ಳಿ

ಎಎಂಟಿ ಕಂಪನಿ ಕಿಟ್‌ಗಿಂತ ಮೊದಲು ಮಾಡುತ್ತಿದ್ದದ್ದು ಕಾರು ಡೀಲರುಗಳು ಗಿರಾಕಿಗೆ ಕೊಡುವ ಪುಟ್ಟ ಮಾದರಿಗಳನ್ನು. ಅವು 1/25ರಲ್ಲಿ ಇದ್ದವು, ಕಿಟ್‌ಗಳೂ ಅದೇ ದಾರಿ ಹಿಡಿದವು. 1/24 ಇಂಚಿನ ಲೆಕ್ಕ: ಅಲ್ಲಿ ಒಂದು ಅಡಿ ಇಲ್ಲಿ ಅರ್ಧ ಇಂಚು. ಎರಡನ್ನೂ ಒಂದೇ ಕಪಾಟಿನಲ್ಲಿಟ್ಟರೆ ಕಣ್ಣಿಗೆ ಗೊತ್ತಾಗಲ್ಲ. ಒಂದರ ಚಕ್ರ ಇನ್ನೊಂದಕ್ಕೆ ಹಾಕಲು ಹೋದರೆ ಮಾತ್ರ ಗೊತ್ತಾಗುತ್ತೆ.

ಪ್ರಶ್ನೆ: ನನ್ನ ಹತ್ತಿರ ಹಾಟ್ ವೀಲ್ಸ್ ಕಂಪನಿಯ ಆಟಿಕೆ ಕಾರು ‘ಡಿಯೋರಾ’ ಇದೆ. ಅದಕ್ಕೆ ಪಕ್ಕದ ಬಾಗಿಲೇ ಇಲ್ಲ! ಇದು ನಿಜವಾದ ಕಾರಾ, ಸುಮ್ನೆ ಮಾಡಿದ್ದಾ?
– 7ನೇ ತರಗತಿ, ಕಲಬುರಗಿ

ನಿಜವಾದ ಕಾರು ಪುಟ್ಟಾ. 1965ರ ಡಾಡ್ಜ್ ಎ100 ಅನ್ನೋ ಸಾಮಾನು ಸಾಗಿಸುವ ಪಿಕಪ್ ಗಾಡಿಯನ್ನು ಕತ್ತರಿಸಿ, ತಗ್ಗಿಸಿ, ಡೆಟ್ರಾಯಿಟ್‌ನ ಮೈಕ್ ಮತ್ತು ಲ್ಯಾರಿ ಅಲೆಕ್ಸಾಂಡರ್ ಅನ್ನೋ ಅಣ್ಣತಮ್ಮಂದಿರು ಮಾಡಿದ್ದು. ಬಾಗಿಲು ಮುಂದೆ ಇದೆ! ಮುಂದಿನ ಗಾಜು ಮೇಲಕ್ಕೆ ಏಳುತ್ತೆ, ಅದರ ಕೆಳಗಿನ ಭಾಗ ಪಕ್ಕಕ್ಕೆ ತಿರುಗುತ್ತೆ, ನೀನು ನಡೆದು ಒಳಗೆ ಹೋಗಿ ಕೂರಬಹುದು. ಆ ಮುಂದಿನ ಗಾಜು ಬೇರೆ ಏನೂ ಅಲ್ಲ, 1960ರ ಫೋರ್ಡ್ ಸ್ಟೇಷನ್ ವ್ಯಾಗನ್‌ನ ಹಿಂದಿನ ಗಾಜು. 1967ರಲ್ಲಿ ಡೆಟ್ರಾಯಿಟ್ ಆಟೋರಾಮಾ ಪ್ರದರ್ಶನದ ದೊಡ್ಡ ಬಹುಮಾನ ರಿಡ್ಲರ್ ಪ್ರಶಸ್ತಿ ಇದಕ್ಕೇ ಬಂತು. ಇದರ ಚಿತ್ರ ಬರೆದವರು ಹ್ಯಾರಿ ಬ್ರ್ಯಾಡ್ಲಿ. ಆಮೇಲೆ ಹಾಟ್ ವೀಲ್ಸ್ ಶುರುವಾದಾಗ ಅವರೇ ಅಲ್ಲಿ ವಿನ್ಯಾಸಕಾರರಾದರು. 1968ರ ಮೊಟ್ಟಮೊದಲ 16 ಹಾಟ್ ವೀಲ್ಸ್ ಕಾರುಗಳಲ್ಲಿ ಡಿಯೋರಾ ಇತ್ತು. ಬೀಟ್ನಿಕ್ ಬ್ಯಾಂಡಿಟ್, ಸಿಲ್ಹೌಟ್ ಕೂಡ ಇದ್ದವು. ನಿನ್ನ ಅಂಗೈಯಲ್ಲಿರೋದು ಆ ಕಾರಿನ ವಂಶ.

ಪ್ರಶ್ನೆ: ಅಪ್ಪನ 1979ರ ಅಂಬಾಸಿಡರ್ ಶೆಡ್ಡಿನಲ್ಲಿ ನಿಂತಿದೆ. ಅದನ್ನು ಕತ್ತರಿಸಿ ಶೋ ಕಾರ್ ಮಾಡಿ ಬೆಂಗಳೂರಿನಲ್ಲಿ ಓಡಿಸಬೇಕು ಅಂತ ಆಸೆ. ಬ್ಯಾಟ್‌ಮೊಬೈಲ್ (ಬ್ಯಾಟ್‌ಮ್ಯಾನ್ ಓಡಿಸುವ ಕಾರು) ಕೂಡ ಹಳೇ ಕಾರು ಕತ್ತರಿಸಿಯೇ ಮಾಡಿದ್ದಲ್ವಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ಕತ್ತರಿಸಿದ ಅಂಬಾಸಿಡರ್ ರಸ್ತೆಗೆ ಇಳಿಯೋ ಹಾಗಿಲ್ಲ.

ಬ್ಯಾಟ್‌ಮೊಬೈಲ್ ಮಾತು ನಿಜ. 1955ರಲ್ಲಿ ಇಟಲಿಯ ಘಿಯಾ ಕಾರ್ಖಾನೆ ಕೈಯಲ್ಲೇ ಕಟ್ಟಿದ ‘ಲಿಂಕನ್ ಫ್ಯೂಚುರಾ’ ಅನ್ನೋ ಕಾರನ್ನು ಜಾರ್ಜ್ ಬ್ಯಾರಿಸ್ ಒಂದು ಡಾಲರಿಗೆ ಪಡೆದು, 1966ರ ಟಿವಿ ಧಾರಾವಾಹಿಗೆ ಬ್ಯಾಟ್‌ಮೊಬೈಲ್ ಮಾಡಿದರು. 2013ರ ಹರಾಜಿನಲ್ಲಿ ಅದಕ್ಕೆ ಎಲ್ಲಾ ಸೇರಿ 46 ಲಕ್ಷ ಡಾಲರ್ ಬಂತು. ಅದ್ಭುತ ಕೆಲಸ, ಒಪ್ಪುತ್ತೇನೆ. ಆದರೆ ಇನ್ನೊಂದು ಮಗ್ಗುಲಿನಿಂದ ನೋಡಿ. ಅಂಥ ಫ್ಯೂಚುರಾ ಇನ್ನೊಂದು ಇರಲಿಲ್ಲ. ಮೂಲದ ರೂಪ ಇವತ್ತು ಎಲ್ಲಿದೆ? ಹಳೇ ಫೋಟೋಗಳಲ್ಲಿದೆ, ಮತ್ತು ರೆವೆಲ್ 1950ರ ದಶಕದಲ್ಲಿ ಮಾಡಿದ ಫ್ಯೂಚುರಾ ಕಿಟ್‌ನಲ್ಲಿದೆ. ನಿಮ್ಮ ಅಪ್ಪನ ಅಂಬಾಸಿಡರ್‌ಗೆ ಅಂಥ ಕಿಟ್ ಕೂಡ ಇಲ್ಲ.

ಅಂಬಾಸಿಡರ್ ಉತ್ಪಾದನೆ 2014ರಲ್ಲೇ ನಿಂತಿದೆ. ನಿಮ್ಮದು 1979ರದು ಅಂದರೆ 2029ಕ್ಕೆ 50 ವರ್ಷ ತುಂಬುತ್ತೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ದೊಡ್ಡ ಬದಲಾವಣೆ ಆಗದ ಗಾಡಿಯನ್ನು ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. ನಂಬರಿನಲ್ಲಿ ‘ವಿಎ’ ಅಕ್ಷರ ಸೇರುತ್ತೆ. ದಿನಾ ಆಫೀಸಿಗೆ ಓಡಿಸೋಕೆ ಅಲ್ಲ, ಪ್ರದರ್ಶನ, ರ್‍ಯಾಲಿ ಅಂಥದ್ದಕ್ಕೆ ಓಡಿಸಬಹುದು. ಗ್ರೈಂಡರ್ ಮುಟ್ಟಿಸಿದ ದಿನ ಆ ಅವಕಾಶ ಹೋಗುತ್ತೆ. ದಯವಿಟ್ಟು ಕತ್ತರಿಸಬೇಡಿ. ಅಡಿಯ ತುಕ್ಕು ತೆಗೆಸಿ, ವೈರಿಂಗ್ ನೋಡಿಸಿ, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಟಾರ್ಟ್ ಮಾಡಿ.

ನಿಮ್ಮ ಆಸೆಗೂ ದಾರಿ ಇದೆ. ಸೆಂಟಿ ಟಾಯ್ಸ್‌ನ ಪ್ಲಾಸ್ಟಿಕ್ ಅಂಬಾಸಿಡರ್ ತಗೊಳ್ಳಿ. ಛಾವಣಿ ಹೊತ್ತ ಕಂಬಗಳನ್ನು ಸಣ್ಣ ಗರಗಸದಲ್ಲಿ ಮೂರು ಮಿಲಿಮೀಟರ್ ಕತ್ತರಿಸಿ ಛಾವಣಿ ತಗ್ಗಿಸಿ. ಸಂದಿಗೆ ಪುಟ್ಟಿ ತುಂಬಿ ಉಜ್ಜಿ. ಹಿಂದಿನ ಚಕ್ರಕ್ಕೆ ಅರ್ಧ ಮುಚ್ಚುವ ಸ್ಕರ್ಟ್ ಹಾಕಿ. ಅಂಬಾಸಿಡರ್‌ನ ಗುಂಡನೆ ಭುಜಕ್ಕೆ ಕ್ಯಾಂಡಿ ಬಣ್ಣ ಎಷ್ಟು ಚೆನ್ನಾಗಿ ಒಪ್ಪುತ್ತೆ ಗೊತ್ತಾ? ನಾನು ಒಂದು ಮಾಡಿದ್ದೇನೆ, ಹಸಿರು. ಬೆಳಕು ಅದರ ಬಾನೆಟ್ ಮೇಲೆ ಮಾವಿನಕಾಯಿಯ ಮೇಲೆ ಜಾರುವ ಹಾಗೆ ಜಾರುತ್ತೆ.

(ವಿಚಿತ್ರ ಕಾರು ಅಂದರೆ ಅಮೆರಿಕ ಮಾತ್ರ ಅಂದುಕೊಳ್ಳಬೇಡಿ. 1910ರಲ್ಲೇ ಕಲ್ಕತ್ತಾದಲ್ಲಿ ಹಂಸದ ಆಕಾರದ ಕಾರು ಓಡಾಡಿತ್ತು. ಅಲ್ಲಿದ್ದ ಒಬ್ಬ ಇಂಗ್ಲಿಷ್ ಶ್ರೀಮಂತರು ಇಂಗ್ಲೆಂಡಿನಲ್ಲಿ ಮಾಡಿಸಿ ತರಿಸಿದ್ದು. ಈಗ ಅದು ನೆದರ್‌ಲೆಂಡ್ಸ್‌ನ ಲೌಮನ್ ಮ್ಯೂಸಿಯಂನಲ್ಲಿದೆ.)

ಪ್ರಶ್ನೆ: ನಮ್ಮ ಅಣ್ಣ 1960ರ ದಶಕದಲ್ಲಿ ಅಮೆರಿಕದಲ್ಲಿ ಓದುತ್ತಿದ್ದಾಗ ಕಟ್ಟಿದ ಒಂದು ಕಾರಿನ ಮಾದರಿ ಟ್ರಂಕಿನಲ್ಲಿ ಸಿಕ್ಕಿತು. ಅಣ್ಣ ಈಗಿಲ್ಲ. ಡಬ್ಬಿಯ ಮೇಲೆ ‘ಔಟ್‌ಲಾ’ ಎಂದಿದೆ. ಬಣ್ಣ ಸುಕ್ಕುಗಟ್ಟಿದೆ, ಅಂಟು ಕಾಣುತ್ತದೆ, ಒಂದು ಚಕ್ರ ಕರಗಿದೆ. ಸರಿ ಮಾಡಿಸಬಹುದೇ? ಮಾಡಿಸಬೇಕೇ?
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಟೀಚರ್, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಈ ಪುಟದ ಎಲ್ಲ ಪತ್ರಕ್ಕಿಂತ ಇದೇ ನನ್ನನ್ನು ಹೆಚ್ಚು ಕಾಡಿತು.

ಔಟ್‌ಲಾ ಅಂದರೆ ಎಡ್ ರಾತ್ ಅವರ ಮೊದಲ ಫೈಬರ್‌ಗ್ಲಾಸ್ ಕಾರು. 1959ರದು. ರೆವೆಲ್ ಅದರ ಕಿಟ್ ಅನ್ನು 60ರ ದಶಕದ ಶುರುವಿನಲ್ಲೇ ತಂದಿತ್ತು. ನಿಮ್ಮ ಅಣ್ಣ ಆ ಕಾಲದ ಕಾಲೇಜು ಹುಡುಗರೆಲ್ಲ ಮಾತಾಡುತ್ತಿದ್ದ ಕಾರನ್ನೇ ಆರಿಸಿದ್ದಾರೆ.

ಮಾಡಿಸಬಹುದು ಅನ್ನೋದಕ್ಕೆ ಉತ್ತರ ಸುಲಭ. ಚಕ್ರ ಕರಗಿದ್ದು ಬೆಂಕಿಯಿಂದ ಅಲ್ಲ. ಆ ಕಾಲದ ಮೆತ್ತನೆ ಟೈರಿನಲ್ಲಿ ಇರುವ ಎಣ್ಣೆಯಂಥ ಪದಾರ್ಥ ವರ್ಷಗಟ್ಟಲೆ ತಾಗಿಕೊಂಡಿದ್ದರೆ ಪ್ಲಾಸ್ಟಿಕ್ಕನ್ನು ತಿನ್ನುತ್ತೆ. ಹಳೇ ಕಿಟ್‌ಗಳಲ್ಲಿ ಇದು ಮಾಮೂಲು. ಉಳಿದ ಮೂರು ಚಕ್ರದಿಂದ ಟೈರನ್ನು ಇವತ್ತೇ ಬೇರೆ ಮಾಡಿ ಕಾಗದದಲ್ಲಿ ಸುತ್ತಿಡಿ. ಇಷ್ಟನ್ನು ಮಾತ್ರ ತಡ ಮಾಡಬೇಡಿ. ಹಳೆಯ ಟ್ಯೂಬ್ ಅಂಟಿನ ಜೋಡಣೆ ಬಿಡಿಸೋಕೆ ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಒಂದು ರಾತ್ರಿ ಫ್ರೀಜರಿನಲ್ಲಿಡುತ್ತಾರೆ. ಅಂಟು ಪೆಡಸಾಗಿ, ಸ್ವಲ್ಪ ತಿರುಚಿದರೆ ಎಷ್ಟೋ ಸಲ ಬಿಡುತ್ತೆ. ಬಣ್ಣ ತೆಗೆಯೋಕೆ ಬ್ರೇಕ್ ಆಯಿಲ್‌ನಲ್ಲಿ ನೆನೆಸುತ್ತಾರೆ. ಮಾಸಿದ ಕ್ರೋಮ್ ತೆಗೆಯೋಕೆ ಬಟ್ಟೆಗೆ ಹಾಕುವ ಬ್ಲೀಚ್ ದ್ರವ ಸಾಕು, ಕೆಲವು ನಿಮಿಷದಲ್ಲಿ ಬೆಳ್ಳಿ ಪೊರೆ ಕರಗಿ ಹೋಗುತ್ತೆ. ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ, ಬೇರೆ ದಿನ, ಕೈಗವಸು ಹಾಕಿಕೊಂಡು ಮಾಡಬೇಕು. ಬ್ರೇಕ್ ಆಯಿಲ್ ಮತ್ತು ಬ್ಲೀಚ್ ಯಾವತ್ತೂ ಒಂದಕ್ಕೊಂದು ಸೇರಬಾರದು. ಡಬ್ಬಿಯಲ್ಲಿ ಹಳದಿಯಾದ ಡೆಕಾಲ್ ಹಾಳೆ (ಕಾರಿನ ಮೇಲೆ ಅಂಟಿಸುವ ಚಿತ್ರ, ಅಕ್ಷರಗಳದು) ಉಳಿದಿದ್ದರೆ, ಬಿಸಿಲು ಬೀಳುವ ಕಿಟಕಿ ಗಾಜಿಗೆ ಟೇಪ್ ಹಾಕಿ ಅಂಟಿಸಿ. ಎರಡು ಮೂರು ವಾರದಲ್ಲಿ ಹಳದಿ ಸಾಕಷ್ಟು ಇಳಿಯುತ್ತೆ.

ಮಾಡಿಸಬೇಕೇ ಅನ್ನೋದು ಕಷ್ಟದ ಪ್ರಶ್ನೆ. ನಿಜವಾದ ಕಾರುಗಳ ಲೋಕದಲ್ಲೂ ಇದೇ ಚರ್ಚೆ ನಡೆಯುತ್ತೆ. ‘ಹಿರೋಹಾಟಾ ಮರ್ಕ್’ ಅಂತ ಒಂದು 1951ರ ಮರ್ಕ್ಯುರಿ ಇದೆ, 1952ರಲ್ಲಿ ಬ್ಯಾರಿಸ್ ಶೆಡ್ಡಿನಲ್ಲಿ ರೂಪ ಬದಲಾಯಿಸಿದ್ದು. 1959ರಲ್ಲಿ ಒಬ್ಬ ಶಾಲಾ ಹುಡುಗ ಅದನ್ನು 500 ಡಾಲರಿಗೆ ಕೊಂಡ. ಮುಂದೆ ರಿಸ್ಟೋರ್ ಮಾಡುವಾಗ ಆತ ಮೇಲಿನ ಬಣ್ಣವನ್ನೆಲ್ಲ ಒಂದೇ ಸಲ ಕಿತ್ತು ಹಾಕಲಿಲ್ಲ. ಪದರ ಪದರವಾಗಿ ನಯವಾಗಿ ಉಜ್ಜಿ, ಅಡಿಯಲ್ಲಿದ್ದ ಮೂಲದ ಹಸಿರನ್ನು ಹುಡುಕಿದ. ಅವಸರ ಮಾಡಿದ್ದರೆ ಆ ಹಸಿರು ಧೂಳಾಗಿ ಹೋಗುತ್ತಿತ್ತು. 2022ರಲ್ಲಿ ಆ ಕಾರು 20 ಲಕ್ಷ ಡಾಲರಿಗೂ ಮಿಕ್ಕಿ ಹರಾಜಾಯಿತು.

ನಿಮ್ಮ ಔಟ್‌ಲಾ ವಿಷಯದಲ್ಲಿ ನನ್ನ ಮನಸ್ಸಿನ ಮಾತು ಹೇಳುತ್ತೇನೆ. ಸುಕ್ಕುಗಟ್ಟಿದ ಆ ಬಣ್ಣ ನಿಮ್ಮ ಅಣ್ಣನ ಕೈಯದು. ಹೊರಗೆ ಕಾಣುವ ಅಂಟು ಅವರ ಬೆರಳಿನದು. ಪರದೇಶದ ಕೋಣೆಯಲ್ಲಿ, ಚಳಿಯಲ್ಲಿ, ಓದು ಮುಗಿಸಿ ಕೂತು ಹಚ್ಚಿದ್ದು. ಅದನ್ನು ಬ್ರೇಕ್ ಆಯಿಲ್‌ಗೆ ಹಾಕೋಕೆ ನನ್ನ ಕೈ ಬರಲ್ಲ. ಔಟ್‌ಲಾ ಕಿಟ್ ಅನ್ನು ರೆವೆಲ್ ಆಮೇಲೆ ಮತ್ತೆ ಬಿಡುಗಡೆ ಮಾಡಿದೆ. ಸೆಕೆಂಡ್ ಹ್ಯಾಂಡ್ ಆದರೂ ಸಿಗುತ್ತೆ. ಅದನ್ನು ಹೊಳೆಯುವ ಹಾಗೆ ಕಟ್ಟಿ ಪಕ್ಕದಲ್ಲಿ ಇಡಬಹುದು. ಅದರಿಂದ ಒಂದು ಚಕ್ರ ತೆಗೆದು ಅಣ್ಣನ ಕಾರಿಗೆ ಹಾಕಬಹುದು. ಅಣ್ಣನ ಕಾರಿಗೆ ಮೆತ್ತನೆ ಬ್ರಷ್‌ನಲ್ಲಿ ಧೂಳು ಒರೆಸಿ, ಬಿಟ್ಟುಹೋದ ಭಾಗವನ್ನು ಒಂದು ಹನಿ ಫೆವಿಕಾಲ್‌ನಿಂದ ನಿಲ್ಲಿಸಿ. ಅದು ನೀರಿಗೆ ಬಿಡುತ್ತೆ, ನಾಳೆ ಮನಸ್ಸು ಬದಲಾದರೂ ಏನೂ ಹಾಳಾಗಿರಲ್ಲ.

ಹೊಸ ಕಿಟ್ ಸಿಕ್ಕರೆ ಕಟ್ಟಿಕೊಡುವ ಕೆಲಸ ನನ್ನದು, ದುಡ್ಡಿನ ಮಾತು ಬೇಡ. ಒಂದೇ ಕೋರಿಕೆ. ಯಾವುದನ್ನೂ ಬಿಡಿಸುವ ಮೊದಲು ಕಾರನ್ನು ಮೆತ್ತನೆ ಟವೆಲ್ ಮೇಲೆ ಮಗುಚಿ, ಹೊಟ್ಟೆಯ ಕಡೆಯಿಂದ ಒಂದು ಫೋಟೋ ತೆಗೆದು ಕಳಿಸಿ. ಆ ಕಾಲದ ಹುಡುಗರು ಚಾಸಿಯ ಒಳಗಡೆ ಪಿನ್ನಿನಿಂದ ಹೆಸರು, ತಾರೀಕು ಗೀಚುತ್ತಿದ್ದದ್ದುಂಟು. ನೀವು ನೋಡಿರಲಿಕ್ಕಿಲ್ಲ.